ಕಳ್ಳಕಡಲು ಎಂದವನು

ಕಡಲದಡದ ಮೀನುಗಾರರ ಊರು ತೆಕ್ಕೇತುರದಲ್ಲಿ ಅಡ್ಡಹೆಸರಿಲ್ಲದ ಮನುಷ್ಯನಿಲ್ಲ. ಜ್ಞಾನಸ್ನಾನದ ದಿನ ಫಾದರ್ ಇಡುವ ಹೆಸರು ಇಗರ್ಜಿಯ ದಪ್ಪ ಪುಸ್ತಕದಲ್ಲಿ ಬರೆದಿಡುವುದಕ್ಕೆ ಚೆನ್ನ. ದಡದಲ್ಲಿ ನಿಂತು ಕೂಗಬೇಕಾದರೆ ಬೇರೆಯದೇ ಬೇಕು. ಗಂಟೆ ಹೊಡೆಯುವ ಸೆಸಿಲಾಸನಿಗೆ ಮೂವತ್ತು ವರ್ಷದ ಹಿಂದೆ ಒಂದೇ ಒಂದು ಭಾನುವಾರ ನಿದ್ದೆ ಹತ್ತಿ ಗಂಟೆ ಅರ್ಧ ತಾಸು ತಡವಾಯಿತು. ಅಂದಿನಿಂದ ಅವನು ಅರೆಗಂಟೆ. ಅವನ ಮಗ ಮಸ್ಕತ್ತಿನಲ್ಲಿ ಕ್ರೇನು ಓಡಿಸುತ್ತಾನೆ, ಒಂದು ದಿನವೂ ಕೆಲಸಕ್ಕೆ ತಡವಾಗಿ ಹೋದವನಲ್ಲ, ಅವನೂ ಅರೆಗಂಟೆಯೇ. ಹೆಸರು ಒಮ್ಮೆ ಅಂಟಿತೆಂದರೆ ಅದನ್ನು ತೊಳೆಯುವ ಸೋಪು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಮೆಟಿಲ್ಡಳ ಅಪ್ಪ ಲಾಸರನಿಗೆ ಅಂಟಿದ್ದು ‘ಕಳ್ಳ’ ಎಂಬ ಹೆಸರು. ಅವನು ಮಣ್ಣಿಗೆ ಸೇರಿ ಹತ್ತೊಂಬತ್ತು ವರ್ಷವಾಯಿತು. ಆದರೂ ಮೀನು ಮಾರುವ ಜಾಗಕ್ಕೆ ಹೊಸದಾಗಿ ಬಂದ ಹೆಂಗಸು ಯಾರಾದರೂ “ಈ ಮೆಟಿಲ್ಡಕ್ಕ ಯಾರ ಪೈಕಿ?” ಎಂದು ಕೇಳಿದರೆ, ಪಕ್ಕದವಳು ಮನಸ್ಸಿನಲ್ಲಿ ಯಾವ ಕೆಡುಕೂ ಇಲ್ಲದೆ “ಕಳ್ಳ ಲಾಸರನ ಮಗಳು ಕಣೇ” ಎಂದುಬಿಡುತ್ತಾಳೆ. ಮೆಟಿಲ್ಡ ಕೇಳಿಸದವಳಂತೆ ಮೀನಿನ ಮೇಲೆ ನೀರು ಚಿಮುಕಿಸುತ್ತಾಳೆ. ಅವಳಿಗೆ ಐವತ್ತಾರು. ಮದುವೆಯಾದಾಗಿನಿಂದ ಬೆಳಗಾದರೆ ಮೀನಿನ ಅಲ್ಯೂಮಿನಿಯಂ ಪಾತ್ರೆ ತಲೆಯ ಮೇಲೆ ಹೊತ್ತು ಬೀದಿ ಬೀದಿ ತಿರುಗಿದವಳು; ಜಗಳಕ್ಕೆ ನಿಂತರೆ ಗಿರಾಕಿಗಳು ಮೀನು ಬಿಟ್ಟು ಓಡಬೇಕು. ಆ ಒಂದು ಮಾತಿಗೆ ಮಾತ್ರ ಅವಳ ಬಾಯಿಗೆ ಬೀಗ ಬೀಳುತ್ತಿತ್ತು.

ಬೇರೆಯವರ ಬಾಯಿ ಹಾಗಿರಲಿ, ಈಚೆಗೆ ಸರ್ಕಾರವೂ ಶುರು ಮಾಡಿತ್ತು. ಗಾಳಿ ಇಲ್ಲ, ಮೋಡ ಇಲ್ಲ, ಆಕಾಶ ತೊಳೆದಿಟ್ಟಷ್ಟು ಚೊಕ್ಕ. ಅಂಥ ದಿನ ಕಡಲು ತಾನಾಗಿ ಉಬ್ಬಿ ಮನೆಯೊಳಗೆ ಬರುತ್ತದೆ. ಅದಕ್ಕೆ ಈ ಕರಾವಳಿಯವರು ಕಳ್ಳಕಡಲು ಎನ್ನುತ್ತಾರೆ. ದಡದವರ ಬಾಯಲ್ಲಿ ಮಾತ್ರ ಇದ್ದ ಮಾತು ಈಗ ರೇಡಿಯೋಕ್ಕೆ ಹೋಗಿದೆ, ಪೇಪರಿಗೆ ಹೋಗಿದೆ, ದೊಡ್ಡ ದೊಡ್ಡ ವಿಜ್ಞಾನಿಗಳ ಬಾಯಿಗೂ ಹೋಗಿದೆ. ‘ಕಳ್ಳಕಡಲು ಎಚ್ಚರಿಕೆ’ ಎಂದು ಮೊಬೈಲಿಗೆ ಸಂದೇಶ ಬಂದಾಗ ಊರಿನವರು ದೋಣಿ ಎಳೆಯಲು ಓಡುತ್ತಾರೆ. ಮೆಟಿಲ್ಡಳ ಕಿವಿಗೆ ಮೊದಲು ಕೇಳುವುದು ಇಗರ್ಜಿಯ ಜಗಲಿಯಲ್ಲಿ ನಲವತ್ತೆಂಟು ವರ್ಷದ ಹಿಂದೆ ಎದ್ದ ಒಂದು ನಗು. ಆಮೇಲೆ ಅವಳೂ ಓಡುತ್ತಾಳೆ.

ಆ ಮಾತು ಎಲ್ಲಿಂದ ಬಂತು ಎಂದು ಕೇಳಿದರೆ ಒಂದೊಂದು ಊರಿನವರು ಒಂದೊಂದು ಕಥೆ ಹೇಳುತ್ತಾರೆ. ಅವರ ಕಥೆ ಅವರಿಗಿರಲಿ. ತೆಕ್ಕೇತುರದ ಕಥೆ ಹೀಗೆ.

ಈಸ್ಟರ್ ಕಳೆದು ಎರಡನೇ ವಾರ. ಮೆಟಿಲ್ಡಳಿಗೆ ಆಗ ಎಂಟು ವರ್ಷ. ಊರೆಲ್ಲ ಮಧ್ಯಾಹ್ನದ ಗಂಜಿ ಕುಡಿದು ಅಡ್ಡಾಗಿತ್ತು. ಅವಳೂ ಅಪ್ಪನೂ ನೀರಿನ ಅಂಚಿನಲ್ಲಿ ಕಾಲು ತೊಳೆಯುತ್ತಿದ್ದರು. ಲಾಸರ್ ತೊಳೆಯುವುದು ಬಿಟ್ಟು ಸುಮ್ಮನೆ ನಿಂತ. ನೀರು ಬರಬೇಕಾದ ಕಡೆಗೆ ಬಂದಿರಲಿಲ್ಲ. ದಿನವೂ ಮುಳುಗಿರುವ ಕಪ್ಪು ಬಂಡೆಯ ಬೆನ್ನು ಬಿಸಿಲಿಗೆ ಒಣಗುತ್ತಿತ್ತು. ದೂರದಲ್ಲಿ ಕಡಲು ನೊರೆ ಇಲ್ಲದೆ, ಸದ್ದಿಲ್ಲದೆ ಎತ್ತರವಾಗುತ್ತಿತ್ತು. “ಓಡು, ಎಲ್ಲರನ್ನೂ ಎಬ್ಬಿಸು. ಕಡಲು ಬರ್ತಿದೆ ಅನ್ನು” ಎಂದು ಮಗಳ ಬೆನ್ನು ತಳ್ಳಿದ. ಅವಳು ಓಡಿದಳು. ಚಪ್ಪರದಲ್ಲಿ ಇಸ್ಪೀಟು ಆಡುತ್ತಿದ್ದವರು ಆಕಾಶ ನೋಡಿ, “ಹೋಗೇ, ನಿಮ್ಮಪ್ಪನಿಗೆ ಹೇಳು, ಕಡಲು ಬಂದ್ರೆ ಒಂದು ಕೈ ಆಟಕ್ಕೆ ಕೂರಿಸ್ಕೊಳ್ತೀವಿ” ಎಂದು ನಕ್ಕರು. ಯಾರೂ ಏಳಲಿಲ್ಲ.

ಅವಳು ತಿರುಗಿ ಬಂದಾಗ ಅಪ್ಪನ ಹೆಗಲ ಮೇಲೆ ಬಲೆ ಇತ್ತು. ಅದು ಅವನದಲ್ಲ. ನೀರಿಗೆ ತೀರ ಹತ್ತಿರ ಒಣಗಲು ಹಾಕಿದ್ದ ಕ್ರೀತೋಸನ ಬಲೆ, ಊರಿಗೆ ಬಂದ ಮೊದಲ ನೈಲಾನ್ ಬಲೆ. ಇನ್ನೊಬ್ಬನ ಬಲೆಯನ್ನು ಹೇಳದೆ ಕೇಳದೆ ಮುಟ್ಟುವುದೆಂದರೆ ಆ ದಡದಲ್ಲಿ ಇನ್ನೊಬ್ಬನ ಅಡುಗೆಮನೆಗೆ ನುಗ್ಗಿ ಪಾತ್ರೆಯ ಮುಚ್ಚಳ ತೆಗೆದಂತೆ. ಲಾಸರನಿಗೆ ಅದು ತಿಳಿಯದ್ದಲ್ಲ. ಕೇಳಲು ಹೊತ್ತಿರಲಿಲ್ಲ ಅಷ್ಟೆ. ಬಲೆಯನ್ನು ರಸ್ತೆಯ ಆಚೆ ಇಳಿಸಿ ತಿರುಗುವಷ್ಟರಲ್ಲಿ ಕ್ರೀತೋಸ್ ಎದ್ದು ಬಂದ. “ಕಳ್ಳ! ಕಳ್ಳ!” ಎಂದು ಕೂಗಿದ. ಕಡಲಿಗೆ ಏಳದವರು ಕಳ್ಳನಿಗೆ ಎದ್ದರು. ದಡಕ್ಕೆ ಎಳೆದುತಂದು ದೋಣಿಯ ಹುಟ್ಟಿನಿಂದ ಹೊಡೆದರು, ಬಲೆಯ ಹಗ್ಗದಿಂದಲೇ ತೆಂಗಿನ ಮರಕ್ಕೆ ಕಟ್ಟಿದರು. ಕಟ್ಟಿ ಗಂಟು ಬಿಗಿಯುತ್ತಿರುವಾಗಲೇ ನೀರು ಅವರ ಮೊಣಕಾಲಿಗೆ ಬಂತು.

ಹದಿನಾಲ್ಕು ಕಟ್ಟುಮರದ ದೋಣಿಗಳು ಆ ದಿನ ಕಡಲಪಾಲಾದವು. ಎಲ್ಲರೂ ತಮ್ಮ ತಮ್ಮ ಮಕ್ಕಳನ್ನು ಎತ್ತಿಕೊಂಡು ಓಡಿದರು. ಕಟ್ಟಿದ್ದ ಮನುಷ್ಯನನ್ನು ಯಾರೂ ನೆನೆಯಲಿಲ್ಲ. ಎದೆಮಟ್ಟ ನೀರಿನಲ್ಲಿ ನಿಂತಿದ್ದವನ ಹಗ್ಗವನ್ನು ಮೆಟಿಲ್ಡಳ ಅಮ್ಮ ಮೀನು ಕೊಯ್ಯುವ ಕತ್ತಿಯಿಂದ ಕತ್ತರಿಸಿದಳು. ಊರಲ್ಲಿ ಒಣಗಿದ ಬಲೆ ಉಳಿದಿದ್ದು ಒಂದೇ, ಕ್ರೀತೋಸನದು.

ಇಷ್ಟಾದ ಮೇಲೆ ಯಾರಿಗಾದರೂ ಬುದ್ಧಿ ಬರಬೇಕಲ್ಲವೇ? ಬರಲಿಲ್ಲ. ಮುಂದಿನ ಭಾನುವಾರ ಬಲಿಪೂಜೆ ಮುಗಿದ ಮೇಲೆ ಇಗರ್ಜಿಯ ಜಗಲಿಯಲ್ಲಿ ಊರ ಹಿರಿಯರ ಕಮಿಟಿ ಕೂತಿತು. “ನಾನು ಕಣ್ಣಾರೆ ಕಂಡೆ. ಇವನು ಬಲೆ ಹೊತ್ತಾಗ ಕಡಲು ಕಡಲಾಗೇ ಇತ್ತು. ನೀರು ಬಂದಿದ್ದು ಆಮೇಲೆ” ಎಂದ ಕ್ರೀತೋಸ್. ಮೋಡವಿಲ್ಲದ ದಿನ ಕಡಲು ಬರುತ್ತದೆಂದು ಇವನೊಬ್ಬನಿಗೆ ಹೇಗೆ ಗೊತ್ತಾಗುತ್ತದೆ ಎಂದು ಕಮಿಟಿಯವರೂ ತಲೆ ಆಡಿಸಿದರು. “ನೀನು ಕಳ್ಳ ಅಲ್ಲದಿದ್ರೆ ಮತ್ಯಾರಪ್ಪ ಕಳ್ಳ?” ಎಂದು ಕೇಳಿದರು. ಲಾಸರನ ತುಟಿ ಇನ್ನೂ ಊದಿಕೊಂಡಿತ್ತು. “ನಾನಲ್ಲ. ಕಡಲು” ಎಂದ. ಜಗಲಿಯೆಲ್ಲ ಗೊಳ್ಳೆಂದಿತು. ಹುಡುಗರು “ಕಳ್ಳ ಕಡಲು! ಕಳ್ಳ ಕಡಲು!” ಎಂದು ಕುಣಿಯುತ್ತ ಅವನ ಹಿಂದೆಯೇ ಮನೆಯವರೆಗೆ ಬಂದರು. ಒಂದು ವರ್ಷ ಅವನು ಕಡಲಿಗೆ ಇಳಿಯಬಾರದೆಂದು ತೀರ್ಪಾಯಿತು. ಲಾಸರ್ ಹೆಂಚಿನ ಕಾರ್ಖಾನೆಗೆ ಮಣ್ಣು ಹೊರಲು ಹೋದ. ಸಂಜೆ ಬಂದ ಅಪ್ಪನ ಮೈಯಲ್ಲಿ ಉಪ್ಪಿನ ವಾಸನೆ ಇಲ್ಲದ್ದನ್ನು ಕಂಡು ಮೆಟಿಲ್ಡ ಅತ್ತಿದ್ದಳು.

ಮರುವರ್ಷ ಅಂಥದೇ ಕಡಲು ಬಂದಾಗ ಯಾರೋ “ಲಾಸರನ ಕಳ್ಳಕಡಲು ಬಂತು ನೋಡ್ರೋ” ಎಂದು ಗೇಲಿ ಮಾಡಿದರು. ಅದರ ಮುಂದಿನ ಸಲ ಗೇಲಿ ಮಾಡಲು ಯಾರಿಗೂ ಪುರುಸೊತ್ತಿರಲಿಲ್ಲ, ಪಾತ್ರೆ ಪಡಗ ಎತ್ತಿಕೊಂಡು ಓಡುತ್ತ “ಕಳ್ಳಕಡಲು!” ಎಂದೇ ಕೂಗಿದರು. ಗೇಲಿ ಮಾಡಿದ ಮಾತು ಹೀಗೆ ಗೇಲಿ ಕಳೆದುಕೊಂಡು ಬರೀ ಮಾತಾಯಿತು. ಲಾಸರನ ಹೆಸರಿನ ಮುಂದಿನ ‘ಕಳ್ಳ’ ಮಾತ್ರ ಹಾಗೇ ಉಳಿಯಿತು.

ಈ ಕಥೆಯಲ್ಲಿ ಊರಿನವರಿಗೆ ಇವತ್ತಿಗೂ ಅರ್ಥವಾಗದ್ದು ಇನ್ನೊಂದು. ಹನ್ನೆರಡು ವರ್ಷದ ಮೇಲೆ ಕ್ರೀತೋಸನ ಮಗ ಮರಿಯದಾಸನ್ “ಮದುವೆ ಆದ್ರೆ ಲಾಸರನ ಮಗಳನ್ನೇ” ಎಂದು ಹಟ ಹಿಡಿದಾಗ, ಕ್ರೀತೋಸ್ ಕೂಗಾಡಲಿಲ್ಲ. ಮಗನ ಮಾತು ಮುಗಿಯುವ ಮೊದಲೇ “ಆಯ್ತು” ಎಂದ. ಮೆಟಿಲ್ಡ ಅಪ್ಪನ ಹತ್ತಿರ ಹೋಗಿ ಅತ್ತಳು. ಲಾಸರ್ ಅವಳ ತಲೆ ಸವರಿ, “ಹೋಗು ಮಗಾ. ಕ್ರೀತೋಸ್ ಕೆಟ್ಟವನಲ್ಲ, ಹೆದರುಪುಕ್ಕಲ ಅಷ್ಟೆ” ಎಂದಿದ್ದ.

ಅಪ್ಪ ಹೇಳಿದ್ದು ಸರಿಯಾಗಿಯೇ ಇತ್ತು. ಮೂವತ್ತಾರು ವರ್ಷದಲ್ಲಿ ಕ್ರೀತೋಸ್ ಒಂದು ದಿನವೂ ಅವಳಿಗೆ ದನಿ ಏರಿಸಿ ಮಾತಾಡಿದವನಲ್ಲ. ಅವಳ ಬಾಣಂತನದಲ್ಲಿ ತಾನೇ ಕಡಲಿಗೆ ಹೋಗಿ ಸೊರ ಎನ್ನುವ ಶಾರ್ಕ್ ಮೀನಿನ ಮರಿ ತಂದು, “ಹಾಲು ಚೆನ್ನಾಗಿ ಬರುತ್ತೆ, ಬೇಯಿಸಿಕೊಡು” ಎಂದು ಹೆಂಡತಿಯ ಕೈಗಿಟ್ಟಿದ್ದ. ಮಗಳೇ ಎಂದಲ್ಲದೆ ಬೇರೆ ಹೆಸರಿನಿಂದ ಕರೆಯಲಿಲ್ಲ. ಅವನ ಹೆಂಡತಿ ತೀರಿಕೊಂಡು, ಕಣ್ಣು ಮಂಜಾದ ಮೇಲೆ ಮೆಟಿಲ್ಡಳೇ ಅವನ ಕಣ್ಣು. ಅವಳಿಗೆ ಈ ಮುದುಕನ ಮೇಲೆ ಪ್ರೀತಿ ಇತ್ತು. ತನ್ನ ಅಪ್ಪನ ಬಾಳು ಕೆಡಿಸಿದ ಮನುಷ್ಯನ ಮೇಲೆ ಪ್ರೀತಿ ಬಂದುಬಿಟ್ಟರೆ ಅದನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಹಾಗಾಗಿ ಆ ಮಾತನ್ನು ಇಬ್ಬರೂ ಎತ್ತಲಿಲ್ಲ.

ಎತ್ತಿಸಿದವಳು ನಿರುಪಮಾ ಎಂಬ ಹುಡುಗಿ. ತಿರುವನಂತಪುರದಿಂದ ಬಂದವಳು, ಕಡಲಿನವರ ಮಾತುಗಳನ್ನು, ಅವುಗಳ ಅರ್ಥವನ್ನು, ಅವು ಎಲ್ಲಿಂದ ಬಂದವೆಂಬುದನ್ನು ಬರೆದುಕೊಳ್ಳುವುದು ಅವಳ ಕೆಲಸ. ಊರಿಗೆ ಹಿರಿಯನೆಂದು ಫಾದರ್ ಅವಳನ್ನು ನೇರ ಕ್ರೀತೋಸನ ಮನೆಗೆ ಕಳಿಸಿದ್ದರು. ಎಂಬತ್ತೈದರ ಮುದುಕ ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಬೆರಳಲ್ಲೇ ಹರಕು ಹುಡುಕಿ ಬಲೆ ಹೆಣೆಯುತ್ತಿದ್ದ. ಕೇಳುವವರು ಸಿಕ್ಕರೆಂದು ಅವನಿಗೆ ಹುರುಪೋ ಹುರುಪು.

“ಅಲೆ ಅಂದ್ರೆ ಎಲ್ಲ ಒಂದೇ ಅಲ್ಲ ಮೇಡಂ. ಗಾಳಿ ಎಬ್ಬಿಸೋ ಅಲೆ ಬೇರೆ, ಅದು ಬಾಯಿಬಡುಕ. ದೂರದಿಂದಲೇ ಕೂಗ್ತಾ ಬರುತ್ತೆ, ನಾವು ಹುಷಾರಾಗ್ತೀವಿ. ಕಳ್ಳಕಡಲಿಗೆ ಬಾಯೇ ಇಲ್ಲ.”

“ಅದು ಬರೋದು ಹೇಗೆ ಗೊತ್ತಾಗುತ್ತೆ ಅಜ್ಜಾ?”

“ಮೊದಲು ಹಿಂದಕ್ಕೆ ಹೋಗುತ್ತೆ. ನಾಚಿಕೊಂಡ ಹಾಗೆ. ಆಮೇಲೆ ಉಬ್ಬುತ್ತೆ. ಒಲೆ ಮೇಲಿನ ಹಾಲು ನೋಡಿದೀರಲ್ಲ, ಉಕ್ಕೋ ಮುಂಚೆ ಒಂದು ಗಳಿಗೆ ಸುಮ್ಮನೆ ಮೇಲೇಳುತ್ತಲ್ಲ, ಹಾಗೆ. ಅಲೆ ಒಡೆಯೋದಿಲ್ಲ. ಇಡೀ ಕಡಲೇ ಎದ್ದು ಬರುತ್ತೆ. ಎಲ್ಲೋ ದೂರದ ದಕ್ಷಿಣದಲ್ಲಿ ಬಿರುಗಾಳಿ ಎದ್ದು ಕಳಿಸಿದ ನೀರು ಅಂತ ನೀವು ಓದಿದೋರು ಹೇಳ್ತೀರಿ. ಇರಬಹುದು. ನಮಗೆ ಗೊತ್ತಿರೋದು, ಮನೇವರು ಮಲಗಿರುವಾಗ ಬರುತ್ತೆ, ಸಿಕ್ಕಿದ್ದು ಎತ್ಕೊಂಡು ಹೋಗುತ್ತೆ.”

ಒಳಗೆ ಭೂತಾಯಿ ಮೀನಿನ ಪೊರೆ ತೆಗೆಯುತ್ತಿದ್ದ ಮೆಟಿಲ್ಡಳ ಕೈ ನಿಂತಿತು. ಮುಂದಿನ ಪ್ರಶ್ನೆ ಏನೆಂದು ಅವಳಿಗೆ ಗೊತ್ತಾಗಿತ್ತು.

“ಈ ಹೆಸರನ್ನ ಮೊದಲು ಇಟ್ಟಿದ್ದು ಯಾರು ಅಜ್ಜಾ? ಏನಾದ್ರೂ ಕಥೆ ಇದೆಯಾ?”

ಹೆಣೆಯುವ ಮರದ ಸೂಜಿ ಕುರ್ಚಿಯ ಕೈಗೆ ತಾಗಿ ಟಕ್ಕೆಂದಿತು. ಮೆಟಿಲ್ಡ ಉಸಿರು ಹಿಡಿದು ಕಾದಳು. ಅವಳು ನಿಜಕ್ಕೂ ಕಾದಳು. ಇಷ್ಟು ವರ್ಷ ಕಾಯುತ್ತಿಲ್ಲವೆಂದು ತನಗೆ ತಾನೇ ಹೇಳಿಕೊಂಡಿದ್ದೆಲ್ಲ ಸುಳ್ಳೆಂದು ಅವಳಿಗೆ ಆಗ ತಿಳಿಯಿತು.

“ಹಳೇದಮ್ಮ ಅದು,” ಎಂದ ಕ್ರೀತೋಸ್. “ನಮ್ಮ ಮುತ್ತಾತಂದಿರ ಕಾಲದ್ದು. ಯಾರು ಇಟ್ಟರೋ ಏನೋ.”

ಮೆಟಿಲ್ಡ ಕೈ ತೊಳೆದು ಚಹಾ ಲೋಟ ತಂದು ಕುಕ್ಕಿದಳು. “ಸಕ್ಕರೆ ಸಾಕಾ ನೋಡಿ” ಎಂದು ಹುಡುಗಿಗೆ ಹೇಳಿದಳು. ಮಾವನ ಲೋಟವನ್ನು ದಿನವೂ ಕೈಗೇ ಕೊಡುತ್ತಿದ್ದವಳು ಅವತ್ತು ನೆಲದ ಮೇಲಿಟ್ಟು ಒಳಗೆ ಹೋದಳು. ಭಾನುವಾರ ಪೂಜೆಯಾದ ಮೇಲೆ ಬರೆದುಕೊಂಡ ಮಾತುಗಳ ಪಟ್ಟಿಯನ್ನು ಎಲ್ಲರ ಮುಂದೆ ಓದುತ್ತೇನೆ, ತಪ್ಪಿದ್ದರೆ ತಿದ್ದಿಕೊಡಿ ಎಂದು ಹೇಳಿ ನಿರುಪಮಾ ಹೊರಟಳು.

ಮಧ್ಯಾಹ್ನ ಬೇಯಿಸಿದ ಮರಗೆಣಸು, ಮಾವಿನಕಾಯಿ ಹಾಕಿದ ಭೂತಾಯಿ ಸಾರು. ಕಣ್ಣು ಮಂಜಾದ ನಾಲ್ಕು ವರ್ಷದಿಂದ ಮಾವನ ತಟ್ಟೆಗೆ ಹಾಕುವ ಮೀನಿನ ಮುಳ್ಳನ್ನು ಮೆಟಿಲ್ಡಳೇ ಒಂದೊಂದಾಗಿ ಬಿಡಿಸಿ ಕೊಡುತ್ತಿದ್ದಳು. ಭೂತಾಯಿಯ ಮುಳ್ಳೆಂದರೆ ಕೂದಲಿನಷ್ಟು ತೆಳ್ಳಗೆ, ಕಣ್ಣಿದ್ದವರಿಗೇ ಸಾಕಾಗುತ್ತದೆ. ಆ ದಿನ ಅವಳು ಮೀನನ್ನು ಇಡಿಯಾಗಿ ಹಾಕಿ ತಟ್ಟೆ ಮುಂದಿಟ್ಟಳು.

ಮುದುಕನ ಬೆರಳು ಮೀನಿನ ಮೇಲೆ ಓಡಾಡಿ ನಿಂತಿತು.

“ಮಗಳೇ, ಮುಳ್ಳು...”

“ಇದೆ.”

ಅವನು ಕೈ ಹಿಂದೆಗೆದ.

“ಮುತ್ತಾತಂದಿರ ಕಾಲದ್ದಾ ಮಾವಾ?” ಎಂದಳು ಮೆಟಿಲ್ಡ. ಜೋರು ಮಾಡಬೇಕೆಂದುಕೊಂಡಿದ್ದಳು, ದನಿ ಒಡೆಯಿತು. “ನಾನು ಅಲ್ಲೇ ಇದ್ದೆ. ಊರೆಲ್ಲ ಕೂಗ್ಕೊಂಡು ಓಡಿದ್ದು ನಾನು. ಎಂಟು ವರ್ಷದ ಹುಡುಗೀನ ಕಮಿಟಿಯವರು ಒಂದು ಮಾತು ಕೇಳಲಿಲ್ಲ. ನೀವೂ ಕೇಳಲಿಲ್ಲ.”

“ಕೇಳೋ ಅಗತ್ಯ ಇರಲಿಲ್ಲ ಮಗಳೇ.”

“ಅಂದ್ರೆ?”

“ನನಗೆ ಅವತ್ತೇ ಗೊತ್ತಿತ್ತು.” ಮುದುಕನ ಮಂಜುಗಣ್ಣು ಬಾಗಿಲ ಕಡೆಗಿತ್ತು. “ನೀರು ಇಳಿದ ಮೇಲೆ ರಸ್ತೆ ಆಚೆ ಹೋಗಿ ನೋಡಿದೆ. ಕದ್ದವನು ಮನೆಗೆ ಒಯ್ತಾನೆ, ಬಚ್ಚಿಡ್ತಾನೆ. ನನ್ನ ಬಲೇನ ಅವನು ಕಲ್ಲಿನ ಮೇಲೆ ಮಡಿಕೆ ಹಾಕಿ, ಸಿಕ್ಕಾಗದ ಹಾಗೆ ಇಟ್ಟಿದ್ದ. ಅದನ್ನ ನೋಡಿದಾಗಲೇ ಗೊತ್ತಾಯ್ತು.”

“ಗೊತ್ತಾಗಿಯೂ ಕಮಿಟಿ ಮುಂದೆ ಹಾಗಂದ್ರಾ?”

“ಹೇಳಿದ್ರೆ ಬಲೆ ಹೊರಬೇಕಿತ್ತಲ್ಲ.”

ತೆಕ್ಕೇತುರದಲ್ಲಿ ಅದೊಂದು ಕಟ್ಟಳೆ. ಇಲ್ಲದ ಕಳ್ಳತನವನ್ನು ಒಬ್ಬನ ಮೇಲೆ ಹೊರಿಸಿದವನು ಇಗರ್ಜಿಯ ಬಾಗಿಲಿನಿಂದ ನೀರಿನ ಅಂಚಿನವರೆಗೆ, ಊರೆಲ್ಲ ನೋಡುತ್ತಿರುವಾಗ, ಒಬ್ಬನೇ ಬಲೆ ಹೊತ್ತು ನಡೆಯಬೇಕು. ನೊಂದವನೋ ಅವನ ಮಕ್ಕಳೋ ‘ಇಳಿಸು’ ಎಂದರೆ ಅಲ್ಲಿಗೆ ಮುಗಿಯಿತು, ಮೊದಲ ಹೆಜ್ಜೆಯಲ್ಲೇ ಅಂದರೂ ಸರಿ. ಅನ್ನದಿದ್ದರೆ ನೀರು ಕಾಲಿಗೆ ತಾಗುವವರೆಗೂ ಹೊರಬೇಕು. ಹೊತ್ತವನ ಮುಂದೆ ಆಮೇಲೆ ಯಾರೂ ತಲೆಬಾಗುವುದಿಲ್ಲವೆಂದು ಗಂಡಸರ ಲೆಕ್ಕ.

“ಮೂವತ್ತೇಳು ವರ್ಷ ಆಗ. ಊರಿಗೆ ಮೊದಲ ನೈಲಾನ್ ಬಲೆ ತಂದವನು ಅಂತ ಮೀಸೆ ತಿರುವ್ಕೊಂಡು ಓಡಾಡ್ತಿದ್ದೆ. ಎಲ್ಲರ ಮುಂದೆ ಹೊರೋಕೆ ಧೈರ್ಯ ಸಾಲಲಿಲ್ಲ. ನಾಳೆ ಹೇಳೋಣ ಅಂದ್ಕೊಂಡೆ. ಈ ವರ್ಷ ಕಳೀಲಿ ಅಂದ್ಕೊಂಡೆ. ಆಮೇಲೆ ನೀನು ಬಂದೆ. ನಿನಗೆ ಒಳ್ಳೇದು ಮಾಡಿದ್ರೆ ಸರಿಹೋಗುತ್ತೆ ಅಂದ್ಕೊಂಡೆ.”

“ಸರಿಹೋಗಲಿಲ್ಲ ಮಾವಾ,” ಎಂದಳು ಅವಳು. ಬೇರೆ ಯಾರಿಗೂ, ಗಂಡನಿಗೂ ಹೇಳದಿದ್ದ ಮಾತನ್ನು ಹೇಳಿದಳು. “ಅಪ್ಪ ಸಾಯೋ ವಾರ ನಾನು ಹತ್ತಿರ ಇದ್ದೆನಲ್ಲ. ಜ್ವರ ಇಳಿದಾಗೆಲ್ಲ ಒಂದೇ ಕೇಳ್ತಿದ್ರು. ‘ಕ್ರೀತೋಸ್ ಏನಾದ್ರೂ ಅಂದ್ನಾ?’ ಅಂತ. ನಾನು ಪ್ರತಿಸಲ, ‘ನಾಳೆ ಬರ್ತಾರಂತೆ ಅಪ್ಪಾ’ ಅಂತಿದ್ದೆ.”

ಮುದುಕ ಅಳತೊಡಗಿದ. ಗಲ್ಲ ಅದುರುತ್ತಿತ್ತು. ಇಷ್ಟು ವಯಸ್ಸಾದವರು ಅಳುವುದನ್ನು ನೋಡುವುದು ಕಷ್ಟ. ಮೆಟಿಲ್ಡ ಕಣ್ಣೊರೆಸಿಕೊಂಡು ಅವನ ತಟ್ಟೆಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಮುಳ್ಳು ಬಿಡಿಸತೊಡಗಿದಳು.

“ಉಣ್ಣಿ. ಸಾರು ಆರಿಹೋಯ್ತು.”

ಭಾನುವಾರ ಬಲಿಪೂಜೆಗೆ ಹೊರಡುವಾಗ ಕ್ರೀತೋಸ್ ತಾನು ಹೆಣೆಯುತ್ತಿದ್ದ ಬಲೆಯನ್ನು ತರುವಂತೆ ಮಗನಿಗೆ ಹೇಳಿದ. ಮೇಡಂಗೆ ಹೆಣಿಗೆ ತೋರಿಸಬೇಕಂತೆ ಎಂದು ಗೊಣಗುತ್ತ ಮರಿಯದಾಸನ್ ಅದನ್ನು ಸ್ಕೂಟರಿನ ಹಿಂದೆ ಕಟ್ಟಿ ತಂದು ಇಗರ್ಜಿಯ ಜಗಲಿಯಲ್ಲಿ ಹಾಕಿದ. ಸೀಸದ ಗುಂಡು ಕಟ್ಟಿದ ಬಲೆ, ಗಟ್ಟಿ ಗಂಡಸಿಗೂ ಭಾರವೇ. ಮೆಟಿಲ್ಡ ಅದನ್ನು ಕಂಡೊಡನೆ ಮಾವನ ಮುಖ ನೋಡಿದಳು, ಅಲ್ಲಿ ಏನೂ ಕಾಣಲಿಲ್ಲ.

ಪೂಜೆ ಮುಗಿದು ಎಲ್ಲರೂ ಜಗಲಿಯಲ್ಲಿ ಸೇರಿದರು. ನಿರುಪಮಾ ಒಂದೊಂದೇ ಮಾತು, ಅದರ ಅರ್ಥ, ಹೇಳಿದವರ ಹೆಸರು ಓದಿದಳು. ಊರಿನವರಿಗೆ ಅದು ಒಳ್ಳೆಯ ಮನರಂಜನೆ. ಮಳೆಗಾಲಕ್ಕೆ ಮುಂಚೆ ನೀರು ತಿರುಗುವ ಬಣ್ಣ ಹಸಿರೋ ಕೆಂಪೋ ಎಂದು ಇಬ್ಬರು ಮುದುಕಿಯರು ಕೈ ಕೈ ಮಿಲಾಯಿಸುವುದೊಂದು ಬಾಕಿ. ಆಮೇಲೆ ನಿರುಪಮಾ “ಕಳ್ಳಕಡಲು” ಎಂದಳು. ಅರ್ಥ ಓದಿದಳು. “ಮೂಲ: ಪೂರ್ವಿಕರು ಇಟ್ಟ ಹೆಸರು.”

ಕೋಲು ನೆಲಕ್ಕೆ ಬಡಿದ ಸದ್ದಾಯಿತು. ಕ್ರೀತೋಸ್ ಎದ್ದು ನಿಂತಿದ್ದ.

“ಹೊಡೆದುಹಾಕಿ ಮೇಡಂ. ತಪ್ಪು.”

“ಅರ್ಥ ತಪ್ಪಾ ಅಜ್ಜಾ?”

“ಅರ್ಥ ಸರಿ ಇದೆ, ಅದು ನಾನು ಹೇಳಿದ್ದು. ಮೂಲ ತಪ್ಪು. ಅದೂ ನಾನು ಹೇಳಿದ್ದೇ.”

ಜನ ನಕ್ಕರು. ಅವನು ನಗು ನಿಲ್ಲುವವರೆಗೆ ಕಾದ.

“ಆ ಮಾತು ಹುಟ್ಟಿದ್ದು ಈ ಜಗಲೀಲಿ. ನಲವತ್ತೆಂಟು ವರ್ಷ ಆಯ್ತು. ಹೇಳಿದವನು ಲಾಸರ್. ಬರ್ಕೊಳ್ಳಿ.”

“ಯಾವ ಲಾಸರ್?” ಎಂದ ಅರೆಗಂಟೆ ಸೆಸಿಲಾಸ್, ಅಭ್ಯಾಸಬಲದಿಂದ. “ಕಳ್ಳ ಲಾಸರನಾ?”

“ಬರೀ ಲಾಸರ್!” ಮುದುಕ ಕೂಗಿದ ಕೂಗಿಗೆ ಇಗರ್ಜಿಯ ಮಾಡಿನ ಪಾರಿವಾಳಗಳು ಎದ್ದವು. “ಅವನು ಕದಿಯಲಿಲ್ಲ. ಕಡಲು ಬರೋದು ಕಂಡು ನನ್ನ ಬಲೆ ಉಳಿಸೋಕೆ ಹೊತ್ತ. ನಾನು ಕಳ್ಳ ಅಂದೆ, ನೀವು ಹೊಡೆದ್ರಿ. ಅವನು ಕಡಲೇ ಕಳ್ಳ ಅಂದ, ನೀವು ನಕ್ರಿ. ಅವನು ಕದ್ದಿಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಸುಳ್ಳು ಹೇಳಿದೆ.”

ಹೊಡೆದವರಲ್ಲಿ ಉಳಿದಿದ್ದ ಇಬ್ಬರು ಮುದುಕರು ನೆಲ ನೋಡಿದರು. ನಿರುಪಮಾಳ ಪೆನ್ನು ಕಾಗದದ ಮೇಲೆ ಸರಿದ ಸದ್ದು ಮೆಟಿಲ್ಡಳಿಗೆ ಕೇಳಿಸಿತು. ಕ್ರೀತೋಸ್ ಕೋಲನ್ನು ಗೋಡೆಗೆ ಒರಗಿಸಿ, ತಡವರಿಸುತ್ತ ಬಲೆಯ ಹತ್ತಿರ ಹೋಗಿ ಮಡಿಕೆ ಹುಡುಕಿದ.

“ಅಪ್ಪಾ, ಏನಿದು ಹುಚ್ಚು?” ಎಂದು ಮರಿಯದಾಸನ್ ಓಡಿಬಂದ. “ಈ ವಯಸ್ಸಲ್ಲಿ! ಫಾದರ್, ನೀವಾದ್ರೂ ಹೇಳಿ.”

“ಹೆಗಲಿಗೆ ಎತ್ತಿಕೊಡು. ಎತ್ತಿಕೊಟ್ಟು ದೂರ ನಿಲ್ಲು.”

ಮರಿಯದಾಸನ್ ಹೆಂಡತಿಯ ಮುಖ ನೋಡಿದ. ಆಮೇಲೆ ಬಲೆಯನ್ನು ಅಪ್ಪನ ಹೆಗಲಿಗೆ ಏರಿಸಿದ. ಮುದುಕ ಒಂದು ಪಕ್ಕಕ್ಕೆ ವಾಲಿ, ಸಾವರಿಸಿಕೊಂಡು ನಿಂತ. ಮೆಟಿಲ್ಡ ಹೋಗಿ ಅವನ ಇನ್ನೊಂದು ಮೊಣಕೈ ಹಿಡಿದಳು. ಕಣ್ಣು ಕಾಣದವನಿಗೆ ದಾರಿ ತೋರಿಸಬಾರದೆಂದು ಕಟ್ಟಳೆಯಲ್ಲಿಲ್ಲ.

“ಮೂರು ಮೆಟ್ಟಿಲು, ಮಾವಾ.”

ಊರಿನವರೆಲ್ಲ ಎರಡೂ ಬದಿ ನಿಂತರು. ಮೆಟ್ಟಿಲಿಳಿದ ಕೂಡಲೇ ಅವಳು ‘ಇಳಿಸು’ ಎನ್ನುತ್ತಾಳೆಂದು ಎಲ್ಲರೂ ಕಾದರು. ಸೊಸೆಯಲ್ಲವೇ, ಅನ್ನದೆ ಇರುತ್ತಾಳೆಯೇ? ಅವಳು ಅನ್ನಲಿಲ್ಲ. ರಸ್ತೆ ದಾಟಿದರು. ಮರಳು ಶುರುವಾಯಿತು. ಮುದುಕನ ಕಾಲು ಹೂತು ಹೂತು ಏಳುತ್ತಿತ್ತು. ಕುತ್ತಿಗೆಯ ನರ ಉಬ್ಬಿತ್ತು.

“ಅನ್ನೇ ಮೆಟಿಲ್ಡಾ, ಬಿದ್ದುಗಿದ್ದಾರು!” ಎಂದು ಹೆಂಗಸರು ಕೂಗಿದರು. “ಎಂಥ ಕಲ್ಲೆದೆಯೇ ನಿಂದು!”

ಕಡಲು ಎಷ್ಟೋ ನೆಲ ತಿಂದುಕೊಂಡು ಹತ್ತಿರ ಬಂದದ್ದಕ್ಕೆ ದಾರಿ ಮೊದಲಿನ ಅರ್ಧವೂ ಇರಲಿಲ್ಲ. ಆ ಅರ್ಧವೇ ಮುಗಿಯುತ್ತಿರಲಿಲ್ಲ. ಮೆಟಿಲ್ಡಳ ಗಂಟಲಿಗೆ ಆ ಮಾತು ನಾಲ್ಕು ಸಲ ಬಂತು. ಒಂದೊಂದು ಸಲವೂ ಜ್ವರದ ಹಾಸಿಗೆಯಿಂದ ಅಪ್ಪ ಕೇಳಿದ್ದು ಕಿವಿಗೆ ಬಿದ್ದು ನುಂಗಿಕೊಂಡಳು. ಆ ಮನುಷ್ಯ ಕಾದದ್ದಕ್ಕೆ ಇದು ಏನೇನೂ ಅಲ್ಲ. ಆದರೂ ಹಿಡಿದಿದ್ದ ಮೊಣಕೈ ನಡುಗುವುದು ಅವಳ ಅಂಗೈಗೆ ತಿಳಿಯುತ್ತಿತ್ತು.

“ಅನ್ನಬೇಡ ಮಗಳೇ,” ಎಂದ ಅವನು ಏದುಸಿರಿನಲ್ಲಿ, ಅವಳ ಮನಸ್ಸು ಓದಿದವನಂತೆ. “ಯಾರು ಏನೇ ಅನ್ನಲಿ, ನೀನು ಅನ್ನಬೇಡ.”

“ಅನ್ನಲ್ಲ ಮಾವಾ. ನಡೀರಿ.”

ಇನ್ನೂ ಸ್ವಲ್ಪ ನಡೆದು ಅವನು ನಿಂತ.

“ಎಷ್ಟಿದೆ?”

“ಹತ್ತು ಹೆಜ್ಜೆ.”

“ಹತ್ತೇನಾ? ಸುಳ್ಳು ಹೇಳ್ತಿಲ್ಲ ತಾನೇ?”

“ಹತ್ತೇ.”

ಅದು ಇಪ್ಪತ್ತಕ್ಕೆ ಕಡಿಮೆ ಇರಲಿಲ್ಲ. ಮೆಟಿಲ್ಡ ಮೊಣಕೈ ಬಿಟ್ಟು ಬಲೆ ಇದ್ದ ಬದಿಗೆ ಬಂದಳು. ಬಾಗಿ, ಬಲೆಯ ಕೆಳಗೆ ತನ್ನ ಹೆಗಲು ಕೊಟ್ಟಳು. ಸೀಸದ ಗುಂಡುಗಳ ಭಾರ ಅವಳ ಕಡೆಗೆ ಜರುಗಿ ಕೂತಿತು. ಒಬ್ಬನೇ ಹೊರಬೇಕೆಂದು ಕಟ್ಟಳೆ. ಆದರೆ ನೊಂದವರೇ ಹೆಗಲು ಕೊಟ್ಟರೆ ಏನು ಮಾಡಬೇಕೆಂದು ಅದನ್ನು ಮಾಡಿದ ಹಿರಿಯರು ಯೋಚಿಸಿರಲಿಲ್ಲ. ಯಾರೂ ಬೇಡವೆನ್ನಲಿಲ್ಲ. ಭಾರ ಇಳಿದದ್ದು ಮುದುಕನಿಗೆ ತಿಳಿಯಿತು, ಏನೋ ಹೇಳಹೋದ.

“ಮಾತಾಡಬೇಡಿ, ಉಸಿರು ಹೋಗುತ್ತೆ,” ಎಂದಳು ಅವಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಲು ಕೈ ಬಿಡುವಿರಲಿಲ್ಲ.

ಇಬ್ಬರೂ ಹೆಜ್ಜೆಗೆ ಹೆಜ್ಜೆ ಹಾಕಿ ನಡೆದರು. ಒದ್ದೆ ಮರಳು ಬಂತು. ಒಂದು ಸಣ್ಣ ಅಲೆ ಬಂದು ಮುದುಕನ ಪಾದ ತೋಯಿಸಿ ಹೋಯಿತು. ಅವನು ಅಲುಗಾಡದೆ ನಿಂತು ಕಾದ.

ಮೆಟಿಲ್ಡ ಊರಿನ ಕಡೆಗೆ ಮುಖ ತಿರುಗಿಸಿ, ಬೀದಿಯಲ್ಲಿ ಮೀನು ಕೂಗುವ ದನಿಯಲ್ಲಿ, ಎಲ್ಲರಿಗೂ ಕೇಳುವಂತೆ ಕೂಗಿದಳು.

“ಲಾಸರನ ಮಗಳು ಹೇಳ್ತಿದೀನಿ. ಇಳಿಸಿ, ಮಾವಾ.”